ತಾಯಿಯ ಚಿಕಿತ್ಸೆಯ ದಿನಗಳು

(ಶತಮಾನೋತ್ಸವ ವರ್ಷದ ರೋಗಿಗಳ ದಿನದಂದು ನಮ್ಮ ಧರ್ಮಕೇಂದ್ರದ ಸಭಾಂಗಣದಲ್ಲಿ ಓದಿದ ಭಾಷಣ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಸಂಭ್ರಮದಲ್ಲಿ ಗಾಯನ, ನಾಟಕ, ಕ್ರೀಡೆಗಳ ನಡುವೆ ರೋಗದ ಮಾತನ್ನು ಎತ್ತುವುದು ಸರಿಯೇ ಎಂಬ ಸಂಕೋಚ ನಮಗಿತ್ತು. ಆದರೆ ಇಂದು ಫೆಬ್ರವರಿ 11, ಲೂರ್ದು ಮಾತೆಯ ಹಬ್ಬ. ಪರಮ ಪೂಜ್ಯ ಎರಡನೆಯ ಜಾನ್ ಪಾಲರು 1992ರಲ್ಲಿ ಈ ದಿನವನ್ನು ವಿಶ್ವ ರೋಗಿಗಳ ದಿನವೆಂದು ಗೊತ್ತುಮಾಡಿದರು. 1993ರಿಂದ ಅದು ಆಚರಣೆಯಲ್ಲಿದೆ. ಈ ದಿನಕ್ಕೆ ಹೊಂದುವ ಮಾತು ಬೇಕೆಂದು ಸ್ವಾಮಿಗಳು ನಮ್ಮನ್ನು ಕರೆದು, ನಮ್ಮ ತಾಯಿಯವರ ಕ್ಯಾನ್ಸರ್ ಚಿಕಿತ್ಸೆಯ ಸಮಯದ ಅನುಭವವನ್ನು ಹೇಳಬೇಕೆಂದು ಅಪ್ಪಣೆ ಮಾಡಿದರು. ನಾವು ವೈದ್ಯರಲ್ಲ, ಭಾಷಣಕಾರರೂ ಅಲ್ಲ. ಒಬ್ಬ ಅಕ್ಕ, ಇಬ್ಬರು ತಮ್ಮಂದಿರು, ಹೀಗೆ ಒಬ್ಬ ತಾಯಿಯ ಮೂವರು ಮಕ್ಕಳು. ಮೂವರೂ ಕೂಡಿ ಬರೆದುದನ್ನು ಒಬ್ಬರು ಓದುತ್ತಿದ್ದೇವೆ. ಯಾವ ತಪ್ಪನ್ನು ಯಾರು ಮಾಡಿದೆವೆಂದು ದಯವಿಟ್ಟು ಕೇಳಬೇಡಿ. ಎಲ್ಲವನ್ನೂ 'ನಾವು' ಎಂದೇ ಬರೆದಿದ್ದೇವೆ.

2018ನೆಯ ಇಸವಿಯಲ್ಲಿ, ತಮ್ಮ 61ನೆಯ ವಯಸ್ಸಿನಲ್ಲಿ, ನಮ್ಮ ತಾಯಿಯವರಿಗೆ ಎದೆಯಲ್ಲಿ ಗಂಟು ಕಾಣಿಸಿತು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಪರೀಕ್ಷೆಯಾಗಿ, ಅದು ಅರ್ಬುದವೆಂದು ತಿಳಿದು, ಶಸ್ತ್ರಚಿಕಿತ್ಸೆಯೂ ಆಯಿತು. ಅದಾದ ಮೇಲೆ ಕೀಮೋಥೆರಪಿ ಬೇಕೆಂದು ವೈದ್ಯರು ತಿಳಿಸಿದರು. ಈ ಸಮಾಚಾರವನ್ನೆಲ್ಲ ಅವರು ಹೇಳಿದ್ದು ನಮಗೆ. ನಾವು ತಾಯಿಗೆ ಹೇಳಿದ್ದು ಬೇರೆ. ಗಂಟು ಸಾಮಾನ್ಯವಾದದ್ದೆಂದೂ, ಮತ್ತೆ ಬಾರದಂತೆ ಕೆಲವು ಶಕ್ತಿಯ ಇಂಜಕ್ಷನ್ನುಗಳನ್ನು ಕೊಡುತ್ತಾರೆಂದೂ ಹೇಳಿದೆವು. ಆಸ್ಪತ್ರೆಯ ಕಡತವನ್ನು ಬಟ್ಟೆಯ ಪೆಟ್ಟಿಗೆಯಲ್ಲಿ ಅಡಗಿಸಿಟ್ಟೆವು. ನೆರೆಹೊರೆಯವರಿಗೆ ಬಾಯಿ ಬಿಡಬೇಡಿರೆಂದು ಕೇಳಿಕೊಂಡೆವು. ಸ್ವಾಮಿಗಳು ಮನೆಗೆ ಬರುವೆನೆಂದಾಗ ಅದನ್ನೂ ನಯವಾಗಿ ತಪ್ಪಿಸಿದೆವು. ಗುರುಗಳು ಎಣ್ಣೆಯ ಸಂಪುಟ ಹಿಡಿದು ಬಾಗಿಲಲ್ಲಿ ನಿಂತರೆ ನಮ್ಮ ತಾಯಿಯವರು ಏನೆಂದುಕೊಂಡಾರು ಎಂಬ ಭಯ. ಇದನ್ನೆಲ್ಲ ಪ್ರೀತಿಯೆಂದೇ ನಾವು ನಂಬಿದ್ದೆವು. ಈ ಸಭೆಯಲ್ಲಿರುವ ಎಷ್ಟೋ ಮಂದಿ ಹೀಗೆಯೇ ಮಾಡಿದ್ದೀರಿ, ಇಲ್ಲವೆ ಇಂದೇ ಮಾಡುತ್ತಿದ್ದೀರಿ ಎಂಬುದನ್ನು ಬಲ್ಲೆವು. ನಿಮ್ಮನ್ನು ದೂಷಿಸುವ ಅರ್ಹತೆ ನಮಗಿಲ್ಲ.

ಮೊದಲ ಕೀಮೋಥೆರಪಿಯ ದಿನ. ರೋಗಿಗಳನ್ನು ಸಾಲಾಗಿ ಒರಗು ಕುರ್ಚಿಗಳಲ್ಲಿ ಕೂರಿಸಿ, ಕೈಗೆ ಸೂಜಿ ಹಾಕಿ, ಬಾಟಲಿಗಳನ್ನು ತೂಗುಹಾಕಿದ್ದರು. ತಾಯಿಯವರನ್ನು ಕೂರಿಸಿ ನಾವು ಕಾಫಿಗೆಂದು ಹೋದೆವು. ಹಿಂದಿರುಗಿ ಬರುವಾಗ ಪಕ್ಕದ ಕುರ್ಚಿಯಲ್ಲಿದ್ದ ಹೆಂಗಸು, ತಲೆಗೆ ಹತ್ತಿಯ ವಸ್ತ್ರ ಸುತ್ತಿಕೊಂಡಿದ್ದವರು, "ಇದು ಎಷ್ಟನೇ ಕೀಮೋ ಅಕ್ಕ?" ಎಂದು ಕೇಳುತ್ತಿದ್ದರು. ನಮ್ಮ ಎದೆ ಧಸಕ್ಕೆಂದಿತು. ನಮ್ಮ ತಾಯಿಯವರು ಬಹು ಸಾವಧಾನವಾಗಿ, "ಇವತ್ತು ಮೊದಲನೇದು ಕಣಮ್ಮ. ನಿಂಗೆ ಎಲ್ಲಿ ಆಗಿರೋದು ಕ್ಯಾನ್ಸರು?" ಎಂದರು.

ಕಾಫಿಯ ಲೋಟಗಳನ್ನು ಹಿಡಿದುಕೊಂಡು ನಾವು ಬಾಗಿಲಲ್ಲಿಯೇ ನಿಂತೆವು.

ಅಂದಿನ ರಾತ್ರಿ ತಾಯಿಯವರೇ ಮಾತೆತ್ತಿದರು. "ನಂಗೇನೂ ಗೊತ್ತಿಲ್ಲ ಅನ್ಕಂಡಿದ್ರೇನ್ರೋ? ಚೀಟಿ ಕೊಡೋ ಕಿಟಕಿ ಮೇಲೆ ಕನ್ನಡದಲ್ಲೇ ಬರೆದವ್ರೆ. ನೀವು ಮೂರು ಜನಾನೂ ಹೆದರ್ಕಂಡು ಕೂತಿದ್ರಿ. ನಾನೂ ಅತ್ರೆ ನಿಮ್ಮನ್ನ ನೋಡೋರು ಯಾರು ಅಂತ ಸುಮ್ನಿದ್ದೆ." ಮತ್ತೂ ಒಂದು ಸಂಗತಿ ಆಗಲೇ ಹೊರಬಿತ್ತು. ಶಸ್ತ್ರಚಿಕಿತ್ಸೆಗೆ ನಾಲ್ಕು ದಿನ ಮುಂಚೆ, ಸಂತೆಗೆಂದು ಹೊರಟವರು ಗುರುಗಳ ಮನೆಗೆ ಹೋಗಿ, ಪಾಪನಿವೇದನೆ ಮಾಡಿ, ಅಭ್ಯಂಗವನ್ನು ತಾವೇ ಕೇಳಿ ಪಡೆದಿದ್ದರು. ಅದನ್ನು ಅಂತ್ಯಾಭ್ಯಂಗವೆಂದು ಕರೆದು ಹೆದರುತ್ತಿದ್ದವರು ನಾವೇ. ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ, 1972ರ ಹೊಸ ವಿಧಿಯಲ್ಲಿ, ಅದು ರೋಗಿಗಳ ಅಭ್ಯಂಗವೆಂದೇ ನೆಲೆಗೊಂಡಿದೆ. ಸಾವಿನಂಚಿನಲ್ಲಿರುವವರಿಗೆ ಮಾತ್ರವೇ ಮೀಸಲಾದುದಲ್ಲ ಎಂಬುದನ್ನು ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ್ದ ನಮ್ಮ ತಾಯಿಯವರು ನಮಗಿಂತ ಚೆನ್ನಾಗಿ ತಿಳಿದಿದ್ದರು.

ಲೆಕ್ಕ ಹಾಕಿ ನೋಡಿದೆವು. ಸುಮಾರು ಆರು ವಾರಗಳ ಕಾಲ ಒಂದೇ ಸೂರಿನಡಿಯಲ್ಲಿ, ಒಂದೇ ಪಂಕ್ತಿಯಲ್ಲಿ ಉಣ್ಣುತ್ತ, ಪ್ರತಿ ಸಂಜೆ ಕೂಡಿ ಜಪಸರ ಹೇಳುತ್ತ, ಅವರು ಒಬ್ಬರೇ ಆ ಭಾರವನ್ನು ಹೊತ್ತಿದ್ದರು. ತಾಯಿಗೆ ಕಾವಲಾಗಿದ್ದೇವೆಂದು ನಾವು ತಿಳಿದಿದ್ದೆವು. ಅವರು ನಮ್ಮನ್ನು ಕಾಯುತ್ತಿದ್ದರು. ಆ ದಿನಗಳು ನಮಗೆ ಮರಳಿ ಬಾರವು. ಇಂದು ಇಲ್ಲಿ ಮಾತನಾಡಲು ಒಪ್ಪಿದುದಕ್ಕೆ ಮುಖ್ಯ ಕಾರಣ ಇದೇ.

ಇನ್ನು ಚಿಕಿತ್ಸೆಯ ವಿಷಯ. ಬೇಗ ಬೇಗ ಒಡೆದು ಬೆಳೆಯುವ ಜೀವಕೋಶಗಳನ್ನು ಹುಡುಕಿ ನಾಶಮಾಡುವ ಔಷಧಿಗಳಿಗೆ ಕೀಮೋಥೆರಪಿ ಎಂದು ಹೆಸರು. ಅರ್ಬುದದ ಕೋಶಗಳು ಹಾಗೆ ಬೆಳೆಯುತ್ತವೆ. ಆದರೆ ಕೂದಲಿನ ಬುಡ, ಬಾಯಿಯ ಒಳಪದರ, ಕರುಳಿನ ಒಳಪದರ, ರಕ್ತವನ್ನು ಹುಟ್ಟಿಸುವ ಮೂಳೆಯ ಮಜ್ಜೆ, ಇವೂ ಹಾಗೆಯೇ ಬೆಳೆಯುವಂಥವು. ಆದುದರಿಂದಲೇ ಕೂದಲು ಉದುರುವುದು, ಬಾಯಿ ಹುಣ್ಣಾಗುವುದು, ರಕ್ತದ ಬಿಳಿಕಣಗಳು ಕುಸಿಯುವುದು. ಇದನ್ನು ತಿಳಿದ ಮೇಲೆ ಅರ್ಧ ಭಯ ಕಡಿಮೆಯಾಯಿತು. ನಮ್ಮ ತಾಯಿಯವರಿಗೆ 21 ದಿನಗಳಿಗೊಮ್ಮೆ ನಾಲ್ಕು ಸಲ ಒಂದು ಕೆಂಪು ಔಷಧಿಯನ್ನು ಇನ್ನೊಂದರ ಜೊತೆಗೆ ಕೊಟ್ಟರು. ಅದಾದ ನಂತರ ವಾರಕ್ಕೊಮ್ಮೆಯಂತೆ ಹನ್ನೆರಡು ವಾರ ಬೇರೊಂದು ಔಷಧಿ.

ಆ ಕೆಂಪು ಔಷಧಿ ಹೋದ ಮೇಲೆ ಒಂದೆರಡು ದಿನ ಮೂತ್ರವೂ ಕೆಂಪಾಗುತ್ತದೆ, ಅದು ರಕ್ತವಲ್ಲ, ಎಂದು ನಮ್ಮ ತಾಯಿಯವರಿಗೆ ಮೊದಲು ತಿಳಿಸಿದವರು ಪಕ್ಕದ ಕುರ್ಚಿಯ ಆ ಹೆಂಗಸು. ಅವರು ಕನಕಪುರದ ಕಡೆಯವರು. ರೇಷ್ಮೆ ಸಾಕುವ ಮನೆತನ. ಎರಡು ಮೂರು ವಾರಕ್ಕೆ ಕೂದಲು ಕೈಗೆ ಬರುತ್ತದೆ, ದಿಂಬಿನ ಮೇಲೆ ರಾಶಿ ನೋಡಿ ಅಳುವುದಕ್ಕಿಂತ ಮೊದಲೇ ಗಿಡ್ಡವಾಗಿ ಕತ್ತರಿಸಿಕೊಳ್ಳಿ ಎಂದವರೂ ಅವರೇ. ಊಟ ಕಬ್ಬಿಣದ ರುಚಿಯಾದರೆ ಸ್ಟೀಲಿನ ಚಮಚ ಬಿಟ್ಟು ಮರದ್ದನ್ನು ಹಿಡಿಯಿರಿ, ಬಿಸಿ ಅಡುಗೆಯ ವಾಸನೆಗೆ ಹೊಟ್ಟೆ ತೊಳಸಿದರೆ ಆರಿಸಿ ಉಣ್ಣಿರಿ ಎಂದರು. ನಮ್ಮ ಮನೆಯಲ್ಲಿ ಬಸ್ಸಾರಿನ ಒಗ್ಗರಣೆಯೆಂದರೆ ತಾಯಿಗೆ ಪ್ರಾಣ. ಆ ಐದಾರು ತಿಂಗಳು ಒಗ್ಗರಣೆಯ ಸದ್ದೇ ಇರಲಿಲ್ಲ. ಆರಿದ ರಾಗಿ ಗಂಜಿ, ಮೆತ್ತಗಿನ ಇಡ್ಲಿ, ಬೇಯಿಸಿದ ತರಕಾರಿ, ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಆರು ಸಲ. ಇಷ್ಟನ್ನೂ ವೈದ್ಯರು ಹೇಳಲಿಲ್ಲವೆಂದಲ್ಲ. ಹೇಳಿದ್ದರು; ಮುದ್ರಿತ ಕಾಗದವನ್ನೂ ಕೊಟ್ಟಿದ್ದರು. ಆದರೆ ಅನುಭವಿಸಿದವರ ಬಾಯಿಂದ ಬಂದಾಗ ತಾಯಿಯವರು ತಲೆಯಾಡಿಸಿದ ರೀತಿಯೇ ಬೇರೆ. ಕೂದಲು ಹೋಗಿ ಮತ್ತೆ ಚಿಗುರುತ್ತಿದ್ದ ತಲೆಯನ್ನು ವಸ್ತ್ರ ಸರಿಸಿ ಆಕೆ ತೋರಿಸಿದರಂತೆ. ಅಂಥ ಸಮಾಧಾನವನ್ನು ನಾವು ಯಾವ ಪುಸ್ತಕದಿಂದ ಓದಿ ಹೇಳಬಲ್ಲೆವು?

ನಮ್ಮ ಎರಡನೆಯ ತಪ್ಪನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಅದರಿಂದ ಯಾರಾದರೊಬ್ಬರ ಪ್ರಾಣ ಉಳಿದೀತು. ಎರಡನೆಯ ಸಲದ ಔಷಧಿಯಾದ ಹತ್ತನೆಯ ದಿನ ರಾತ್ರಿ ತಾಯಿಯವರಿಗೆ 101 ಡಿಗ್ರಿ ಜ್ವರ ಬಂತು. ಜ್ವರದ ಮಾತ್ರೆ ನುಂಗಿಸಿ, ಹಣೆಗೆ ಒದ್ದೆ ಬಟ್ಟೆ ಹಾಕಿ, ಬೆಳಗಾಗಲೆಂದು ಕಾದೆವು. ನಡುರಾತ್ರಿಯಲ್ಲಿ ವೈದ್ಯರಿಗೆ ತೊಂದರೆ ಕೊಡುವುದೇಕೆ ಎಂಬ ಸೌಜನ್ಯ! ಬೆಳಗಿನ ವೇಳೆಗೆ ಅವರಿಗೆ ಎದ್ದು ಕೂರಲೂ ಆಗಲಿಲ್ಲ. ಔಷಧಿ ಕೊಟ್ಟು ಒಂದು ವಾರದಿಂದ ಎರಡು ವಾರದ ನಡುವೆ ಬಿಳಿಕಣಗಳು ಅತ್ಯಂತ ಕೆಳಗಿಳಿದಿರುತ್ತವೆ; ಆಗ ಸೋಂಕು ತಗಲಿದರೆ ಗಂಟೆಗಳ ಲೆಕ್ಕದಲ್ಲಿ ಜೀವಕ್ಕೆ ಬರುತ್ತದೆ. ಬಾಡಿಗೆ ಕಾರಿನಲ್ಲಿ ಬೆಂಗಳೂರಿಗೆ ಒಯ್ದು ಐದು ದಿನ ಆಸ್ಪತ್ರೆಯಲ್ಲಿ ಇರಿಸಬೇಕಾಯಿತು. ಮನೆಯಲ್ಲೊಂದು ಥರ್ಮಾಮೀಟರ್ ಇರಲಿ. 100.4 ಡಿಗ್ರಿ ಫ್ಯಾರನ್‌ಹೀಟ್, ಎಂದರೆ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿತೆಂದರೆ, ಹಗಲಾಗಲಿ ಇರುಳಾಗಲಿ ಆ ಕ್ಷಣವೇ ಆಸ್ಪತ್ರೆಗೆ ಫೋನ್ ಮಾಡಿ. ಅವರನ್ನು ಕೇಳದೆ ಜ್ವರದ ಮಾತ್ರೆಯನ್ನೂ ಕೊಡಬೇಡಿ.

ಆ ಬಳಿಕ ಬಾಗಿಲಿಗೆ ಒಂದು ಕಾಗದ ಅಂಟಿಸಿದೆವು: ನೆಗಡಿ, ಕೆಮ್ಮು ಇರುವವರು ದಯವಿಟ್ಟು ಮತ್ತೊಮ್ಮೆ ಬನ್ನಿ ಎಂದು. ಬಂಧುಗಳು ಕೆಲವರು ಮುನಿಸಿಕೊಂಡರು. ಒಬ್ಬರು ಇಂದಿಗೂ ಮಾತಿಲ್ಲ. ಇನ್ನು ಕೆಲವರು ಅಂಟುರೋಗವೆಂದು ತಿಳಿದು ನೀರನ್ನೂ ಕುಡಿಯದೆ ಹೋದರು. ಕ್ಯಾನ್ಸರ್ ಅಂಟುವ ರೋಗವಲ್ಲ. ಔಷಧಿ ಕೊಟ್ಟ 48 ಗಂಟೆಗಳವರೆಗೆ ಮಾತ್ರ ರೋಗಿಯ ವಾಂತಿ, ಮಲಮೂತ್ರಗಳಲ್ಲಿ ಔಷಧಿಯ ಅಂಶ ಇರುವುದರಿಂದ, ಅವನ್ನು ತೊಳೆಯುವವರು ಕೈಗವಸು ಹಾಕಿಕೊಳ್ಳಬೇಕು, ಅಷ್ಟೆ. ಭಾನುವಾರದ ಜನಸಂದಣಿಯ ಬದಲು ತಾಯಿಯವರು ವಾರದ ನಡುವಿನ ಬೆಳಗಿನ ಬಲಿಪೂಜೆಗೆ ಬಂದು ಹಿಂದಿನ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದುದನ್ನು ತಮ್ಮಲ್ಲಿ ಕೆಲವರು ಕಂಡಿರಬಹುದು. ಬರಲಾಗದ ವಾರಗಳಲ್ಲಿ ಪರಮಪ್ರಸಾದ ಮನೆಗೇ ಬರುತ್ತಿತ್ತು.

ನಮ್ಮ ಬಂಧುವೊಬ್ಬರು ನಾಟಿ ಬೇರಿನ ಪುಡಿಯನ್ನು ತಂದು, ಈ ವಿಷದ ಇಂಜಕ್ಷನ್ ನಿಲ್ಲಿಸಿರೆಂದು ಹಠ ಹಿಡಿದರು. ವಿಷವೆಂಬ ಮಾತು ಪೂರ್ತಿ ಸುಳ್ಳಲ್ಲ. ಯುದ್ಧಕ್ಕೆಂದು ಮಾಡಿದ್ದ ಸಾಸಿವೆ ಅನಿಲದ ಸಂಬಂಧಿಯೊಂದನ್ನು 1942ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿ ರೋಗಿಯೊಬ್ಬರಿಗೆ ಕೊಟ್ಟು ನೋಡಿದ್ದು ಈ ಚಿಕಿತ್ಸೆಯ ಆರಂಭಗಳಲ್ಲೊಂದು. ಆದರೆ 1948ರಲ್ಲಿ ಬಾಸ್ಟನ್ನಿನ ಡಾಕ್ಟರ್ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರ್ ಆದ ಮಕ್ಕಳನ್ನು ಚೇತರಿಸಿಕೊಳ್ಳುವಂತೆ ಮಾಡಿದ ಔಷಧಿಯ ಹಿಂದೆ ಇದ್ದವರು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಎಂಬುದನ್ನು ಆ ಬಂಧುವಿಗೆ ಹೇಳಿದಾಗ ಅವರು ಸ್ವಲ್ಪ ಮೆತ್ತಗಾದರು. ಬೇರಿನ ಪುಡಿಯನ್ನು ನಾವು ವೈದ್ಯರಿಗೆ ತೋರಿಸಿದೆವು. ಇಂಥ ಪುಡಿಗಳು ಯಕೃತ್ತಿಗೆ ಹಾನಿ ಮಾಡಬಹುದು, ಔಷಧಿಯ ಕೆಲಸವನ್ನೂ ಕೆಡಿಸಬಹುದು ಎಂದು ಅವರು ಬೇಡವೆಂದರು. ತಾಯಿಯವರು ಅದನ್ನು ಒಯ್ದು ಕರಿಬೇವಿನ ಗಿಡದ ಬುಡಕ್ಕೆ ಸುರಿದರು. ಗಿಡಕ್ಕೆ ಏನೂ ಆಗಲಿಲ್ಲ.

ಈಗ ಸಹಾಯಕ ಗುಂಪುಗಳ ವಿಚಾರ. ಮೂರನೆಯ ಸಲ ಹೋದಾಗ ಆಸ್ಪತ್ರೆಯ ಸಮಾಜ ಸೇವಕಿಯೊಬ್ಬರು, ತಿಂಗಳಿಗೊಮ್ಮೆ ರೋಗಿಗಳೂ ಗುಣಹೊಂದಿದವರೂ ಒಟ್ಟಿಗೆ ಸೇರುತ್ತಾರೆ, ಬನ್ನಿ ಎಂದು ಕರೆದರು. ನಾವು ಹಿಂಜರಿದೆವು, ಮನೆಯ ದುಃಖವನ್ನು ಬೀದಿಗೆ ತರುವುದೆ? ತಾಯಿಯವರೇ ಹೊರಟು ನಿಂತರು. ಅಲ್ಲಿ ಹೆಂಗಸರೆಲ್ಲ ಒಂದು ಕೋಣೆಯಲ್ಲಿ. ಶಸ್ತ್ರಚಿಕಿತ್ಸೆಯಾದವರು ಕುಪ್ಪಸದೊಳಗೆ ಇಟ್ಟುಕೊಳ್ಳಲು ಹತ್ತಿಯ ಮೆತ್ತೆಯನ್ನು ಕೈಯಲ್ಲೇ ಹೊಲಿಯುವುದನ್ನು ಒಬ್ಬರು ಕಲಿಸುತ್ತಿದ್ದರು. ಮಗಳಾದ ಅಕ್ಕನೊಡನೆಯೂ ಆಡದ ಮಾತುಗಳನ್ನು ತಾಯಿಯವರು ಅಲ್ಲಿ ಆಡಿದರು, ನಕ್ಕರು ಕೂಡ. ಆರೈಕೆ ಮಾಡುವವರನ್ನು ಬೇರೊಂದು ಕೋಣೆಯಲ್ಲಿ ಕೂರಿಸಿದ್ದರು. ಅಲ್ಲಿ ನಮ್ಮಲ್ಲಿ ಕಿರಿಯವನು, ಹಿಂದಿನ ರಾತ್ರಿ ಮೂರನೆಯ ಬಾರಿ ವಾಂತಿಯಾದಾಗ ತಾಯಿಯ ಮೇಲೆ ಸಿಟ್ಟಾಗಿ ಕೂಗಿಬಿಟ್ಟೆನೆಂದು ಹೇಳಿದ. ಅದನ್ನು ಅಲ್ಲಿಯವರೆಗೆ ನಮಗೂ ಹೇಳಿರಲಿಲ್ಲ. ಎದುರಿಗಿದ್ದ ಹಿರಿಯರೊಬ್ಬರು, ತಾವು ಹೆಂಡತಿಯ ಮೇಲೆ ಗಂಜಿಯ ಬಟ್ಟಲನ್ನೇ ಎಸೆದದ್ದುಂಟು ಎಂದರು. ಯಾರೂ ಉಪದೇಶ ಮಾಡಲಿಲ್ಲ. ಊರಿಗೆ ಹಿಂದಿರುಗುವ ಬಸ್ಸಿನಲ್ಲಿ, ಮಳವಳ್ಳಿ ದಾಟಿದ ಮೇಲೆ, ಕಿರಿಯವನು ತಾಯಿಯಲ್ಲಿ ಕ್ಷಮೆ ಕೇಳಿದ. "ಹೊಟ್ಟೆ ಹಸ್ಕಂಡಿದ್ದೆ ನೀನು, ಅದ್ಕೇ ಕೂಗ್ದೆ" ಎಂದು ಅವರು ಮುಗಿಸಿದರು.

ನಮ್ಮ ದೇಶದಲ್ಲಿ ಇಂಥ ಗುಂಪುಗಳಿಗೆ ಬಹಳ ಹಳೆಯ ಚರಿತ್ರೆಯಿಲ್ಲ. ಭಾರತೀಯ ಕ್ಯಾನ್ಸರ್ ಸೊಸೈಟಿ 1951ರಲ್ಲಿ ಮುಂಬಯಿಯಲ್ಲಿ ಹುಟ್ಟಿತು. ಆದರೆ ರೋಗವನ್ನು ಉಂಡವರೇ ರೋಗಿಗಳ ಬಳಿ ಹೋಗುವ ಪದ್ಧತಿಗೆ ದೆಹಲಿಯಲ್ಲಿ ನಾಂದಿ ಹಾಡಿದವರು ಹರ್ಮಾಲಾ ಗುಪ್ತಾ. ಕೆನಡಾದಲ್ಲಿ ಓದುತ್ತಿದ್ದಾಗ ಅವರಿಗೇ ಕ್ಯಾನ್ಸರ್ ಬಂದು, ಗುಣವಾಗಿ, ಸ್ವದೇಶಕ್ಕೆ ಬಂದು 1991ರಲ್ಲಿ ಕ್ಯಾನ್ಸರ್ ಸಹಯೋಗ್ ಎಂಬ ಗುಂಪನ್ನು, 1996ರಲ್ಲಿ ಕ್ಯಾನ್‌ಸಪೋರ್ಟ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಮುಂಬಯಿಯ ವಿ ಕೇರ್ ಸಂಸ್ಥೆ 1994ರದು. ಅದೇ ವರ್ಷ ಬೆಂಗಳೂರಿನಲ್ಲಿ ಕರುಣಾಶ್ರಯದ ಟ್ರಸ್ಟ್ ಸ್ಥಾಪನೆಯಾಯಿತು. ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ಅದು ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತದೆ.

ಗುಂಪನ್ನು ಹುಡುಕುವವರು ಮೊದಲು ಚಿಕಿತ್ಸೆ ನಡೆಯುವ ಆಸ್ಪತ್ರೆಯ ಸಮಾಜ ಸೇವಾ ವಿಭಾಗವನ್ನು ಕೇಳಿ. ಅದಿಲ್ಲದಿದ್ದರೆ ಔಷಧಿ ಹಾಕುವ ದಾದಿಯರನ್ನು ಕೇಳಿ, ಅವರಿಗೆ ತಿಳಿಯದುದಿಲ್ಲ. ನಿಮ್ಮ ರೋಗಿಗೆ ಆಗಿರುವ ಅದೇ ಬಗೆಯ ಕ್ಯಾನ್ಸರಿನಿಂದ ಎದ್ದವರು ಅಲ್ಲಿದ್ದಾರೆಯೇ, ಮಾತುಕತೆ ಕನ್ನಡದಲ್ಲಿ ನಡೆಯುತ್ತದೆಯೇ ಎಂದು ವಿಚಾರಿಸಿ. ಯಾವುದಾದರೂ ಗುಂಪಿನಲ್ಲಿ ಪುಡಿ, ಎಣ್ಣೆ, ಯಂತ್ರಗಳನ್ನು ಮಾರುತ್ತಿದ್ದರೆ, ಅಥವಾ ವೈದ್ಯರ ಚಿಕಿತ್ಸೆ ಬಿಡಿರೆನ್ನುತ್ತಿದ್ದರೆ, ಅಲ್ಲಿಂದ ಎದ್ದು ಬನ್ನಿ. ಪ್ರಾರ್ಥನೆ ಮಾಡಿದರೆ ಔಷಧಿ ಬೇಡ ಎನ್ನುವವರಿಗೂ ನಾವು ಇದೇ ಮಾತನ್ನು ಹೇಳುತ್ತೇವೆ, ಅವರು ನಮ್ಮವರೇ ಆಗಿದ್ದರೂ ಸರಿ.

ಹಣದ ಸಂಗತಿಯನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಬಿ.ಪಿ.ಎಲ್. ಪಡಿತರ ಚೀಟಿ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಮೊದಲೇ ಪಡೆಯಬೇಕು. ನಾವು ಪತ್ರವಿಲ್ಲದೆ ಹೋಗಿ ಎರಡು ಬಾರಿ ಅಲೆದೆವು. ಚಿಕಿತ್ಸೆಗೆಂದು ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಯ ಒಬ್ಬರಿಗೂ ಪ್ರಯಾಣ ದರದಲ್ಲಿ ದೊಡ್ಡ ರಿಯಾಯಿತಿ ಇದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಆವರಣದಲ್ಲಿ ದೂರದವರಿಗೆ ಉಳಿಯಲು ಧರ್ಮಶಾಲೆಯಿದೆ.

ನಮ್ಮ ತಾಯಿಯವರು ಚಿಕಿತ್ಸೆ ಮುಗಿಸಿ, ತಲೆತುಂಬ ಗುಂಗುರು ಕೂದಲು ಬಂದು, ಮೂರು ವರ್ಷ ಚೆನ್ನಾಗಿದ್ದರು. ಮೊದಲು ನೆಟ್ಟಗಿದ್ದ ಕೂದಲು ಗುಂಗುರಾಗಿ ಬಂದುದಕ್ಕೆ ಅವರಿಗೆ ಒಳಗೊಳಗೇ ಹಿಗ್ಗು. ಆ ಮೂರು ವರ್ಷ, ಕೊರೋನಾದ ತಿಂಗಳುಗಳನ್ನು ಬಿಟ್ಟು, ಬೆಂಗಳೂರಿನ ಆ ಗುಂಪಿಗೆ ತಾವೇ ಹೋಗಿ ಹೊಸಬರ ಪಕ್ಕದಲ್ಲಿ ಕೂರುತ್ತಿದ್ದರು. 2021ರ ಕೊನೆಯಲ್ಲಿ ರೋಗ ಮೂಳೆಗೆ ಇಳಿದಿರುವುದು ತಿಳಿಯಿತು. ಈ ಬಾರಿ ವೈದ್ಯರು ಅವರಿಗೇ ನೇರವಾಗಿ ಹೇಳಿದರು, ನಾವು ಪಕ್ಕದಲ್ಲಿ ಕುಳಿತಿದ್ದೆವು. ಇನ್ನೆಷ್ಟು ಔಷಧಿ, ಯಾವಾಗ ನಿಲ್ಲಿಸುವುದು, ಎಲ್ಲಿ ಮಲಗುವುದು, ಯಾವ ಸೀರೆ ಉಡಿಸುವುದು, ಎಲ್ಲವನ್ನೂ ಅವರೇ ನಿಶ್ಚಯಿಸಿದರು. 2022ರ ಆಗಸ್ಟ್ ತಿಂಗಳಲ್ಲಿ, ಮನೆಯಲ್ಲಿಯೇ, ನೋವಿಗೆ ಸರಿಯಾದ ಔಷಧಿಯೊಡನೆ, ನಾವು ಮೂವರೂ ಬಳಿಯಿರುವಾಗ ತೀರಿಕೊಂಡರು. ಹೇಳದೆ ಉಳಿದ ಮಾತು ಆ ಹೊತ್ತಿಗೆ ನಮ್ಮ ನಡುವೆ ಇರಲಿಲ್ಲ.

ಕಳೆದ ಆಗಮನ ಕಾಲದಿಂದ, ಸ್ವಾಮಿಗಳ ಅನುಮತಿಯಿಂದ, ತಿಂಗಳ ಎರಡನೆಯ ಭಾನುವಾರ ಎರಡನೆಯ ಬಲಿಪೂಜೆಯ ಬಳಿಕ ಧರ್ಮೋಪದೇಶದ ಕೋಣೆಯಲ್ಲಿ ನಾವು ಸೇರುತ್ತಿದ್ದೇವೆ. ಈಗ ನಾಲ್ಕು ಮನೆಯವರು ಬರುತ್ತಾರೆ. ಅವರಲ್ಲಿ ಎರಡು ಮನೆಯವರು ನಮ್ಮ ಧರ್ಮಸಭೆಯವರಲ್ಲ. ವೈದ್ಯಕೀಯ ಸಲಹೆ ಅಲ್ಲಿ ಇಲ್ಲ, ಚಂದಾ ಇಲ್ಲ, ಹೆಸರು ಬರೆಸಬೇಕಾಗಿಲ್ಲ. ಒಬ್ಬರು ಮೊದಲ ತಿಂಗಳು ಬಂದು ಒಂದು ಗಂಟೆ ಪೂರ್ತಿ ಒಂದೂ ಮಾತಾಡದೆ ಕುಳಿತು ಹೋದರು. ಮುಂದಿನ ತಿಂಗಳೂ ಹಾಗೆಯೇ. ಬರಲಿ, ಕೂರಲಿ. ಮನೆಯಲ್ಲಿ ರೋಗಿಗೆ ಇನ್ನೂ ತಿಳಿಸಿಲ್ಲವೆನ್ನುವವರು, ಹೇಗೆ ತಿಳಿಸುವುದೆಂದು ಕೇಳಲಾದರೂ ಬನ್ನಿ. ಹಿಂದಿನ ಬಾಗಿಲಿನಿಂದ ಬಂದರೆ ಯಾರಿಗೂ ಕಾಣುವುದಿಲ್ಲ. ಕಾಫಿ ನಮ್ಮ ಮನೆಯಿಂದ ಬರುತ್ತದೆ.